ಬಾರೋ ಮತ್ತು ಲೆಂಡ್: ಯಾವುದು ಕೊಡುವುದು, ಯಾವುದು ತೆಗೆದುಕೊಳ್ಳುವುದು?

ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಬಂದಿರುವ ಹುಡುಗ ಹುಡುಗಿಯರಿಗೆ ಸಂಜೆಯ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತ ನನಗೆ ಹಲವು ವರ್ಷಗಳಾದವು. ರೋಣ, ಶಿರಹಟ್ಟಿ, ಸವಣೂರು, ಕಲಘಟಗಿಯ ಕಡೆಯಿಂದ ಬರುವ ಈ ಮಕ್ಕಳು ಕಾಲಗಳ ನಿಯಮವನ್ನೂ ಕರ್ಮಣಿ ಪ್ರಯೋಗವನ್ನೂ ತಡವರಿಸದೆ ಒಪ್ಪಿಸುತ್ತಾರೆ. ಆದರೆ ಬರೆಯುತ್ತಿದ್ದ ಪೆನ್ನು ನಿಂತುಹೋದಾಗ ಪಕ್ಕದಲ್ಲಿ ಕುಳಿತವರನ್ನು ಇಂಗ್ಲಿಷಿನಲ್ಲೇ ಇನ್ನೊಂದು ಪೆನ್ನು ಕೇಳಿ ಎಂದರೆ, ‘ಕ್ಯಾನ್ ಯು ಬಾರೋ ಮಿ ಯುವರ್ ಪೆನ್?’ ಎಂಬ ವಾಕ್ಯ ಬಹಳ ಜನರ ಬಾಯಿಂದ ಬರುತ್ತದೆ. ಕೇಳಿದವರಿಗೆ ಅರ್ಥವಾಗಿ ಪೆನ್ನೂ ಕೈಗೆ ಸಿಗುವುದರಿಂದ ತಪ್ಪು ತಪ್ಪೆಂದು ತಿಳಿಯುವುದೇ ಇಲ್ಲ, ಮತ್ತು ಹಾಗೆಯೇ ರೂಢಿಯಾಗಿಬಿಡುತ್ತದೆ.

ಪೆನ್ನಿನ ಮಟ್ಟಿಗೆ ಇದು ದೊಡ್ಡ ಮಾತಲ್ಲ. ಹಣದ ವಿಷಯಕ್ಕೆ ಬಂದಾಗ ಇದೇ ತಪ್ಪು ಏನು ಮಾಡುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನವಲಗುಂದ ತಾಲೂಕಿನ ವಿದ್ಯಾರ್ಥಿಯೊಬ್ಬನ ಅಜ್ಜ, ಹತ್ತಿ ಮಾರಿ ಬಂದ ರೊಕ್ಕದಲ್ಲಿ 40,000 ರೂಪಾಯಿಯನ್ನು ಪುಣೆಯಲ್ಲಿರುವ ದೂರದ ಸಂಬಂಧಿಕರೊಬ್ಬರಿಗೆ ಕೈಗಡವಾಗಿ ಕೊಟ್ಟಿದ್ದರು. ಆ ಮನೆಯ ಮಕ್ಕಳಿಗೆ ಕನ್ನಡ ಓದಲು ಬಾರದ ಕಾರಣ ಮೊಮ್ಮಗನೇ ಫೋನಿನಲ್ಲಿ ಇಂಗ್ಲಿಷಿನಲ್ಲಿ ಸಂದೇಶ ಬರೆದು ಕಳಿಸಿದ: ‘ಮೈ ಗ್ರ್ಯಾಂಡ್‌ಫಾದರ್ ಬಾರೋಡ್ ಫಾರ್ಟಿ ಥೌಸಂಡ್ ರುಪೀಸ್ ಫ್ರಾಮ್ ಯುವರ್ ಫಾದರ್. ಪ್ಲೀಸ್ ಸೆಟಲ್ ಇಟ್ ಬಿಫೋರ್ ದಸರಾ.’ ಅತ್ತಲಿಂದ ಬಂದ ಉತ್ತರದಲ್ಲಿ, ಈ ಸಾಲದ ವಿಷಯ ತಮಗೆ ಗೊತ್ತಿರಲಿಲ್ಲವೆಂದೂ, ಯಾವ ಖಾತೆಗೆ ಹಣ ಹಾಕಬೇಕೆಂಬುದನ್ನು ತಂದೆಯವರನ್ನು ಕೇಳಿ ತಿಳಿಸುತ್ತೇವೆಂದೂ ಇತ್ತು. ಹುಡುಗ ಗಾಬರಿಯಾಗಿ ಫೋನು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದ. ‘ಅಕ್ಕೋರ, ರೊಕ್ಕಾ ಕೊಟ್ಟಾಂವ ನಮ್ಮಜ್ಜರೀ. ಅವರು ನಾವs ಕೊಡಬೇಕಂತ ತಿಳಕೊಂಡಾರ್ರೀ’ ಎಂದ. ‘ಬಾರೋಡ್’ ಇದ್ದ ಕಡೆ ‘ಲೆಂಟ್’, ‘ಫ್ರಾಮ್’ ಇದ್ದ ಕಡೆ ‘ಟು’ ಹಾಕಿ ಕಳಿಸಿದ ಮೇಲೆ ಮಾತು ಸರಿಹೋಯಿತು. ಆ ಮನೆಯವರು ಸಜ್ಜನರಾಗಿದ್ದರು. ಎಲ್ಲ ಕಡೆ ಅಂಥವರೇ ಇರುತ್ತಾರೆಂದು ನಂಬಿಕೊಂಡು ಇಂಥ ವಾಕ್ಯಗಳನ್ನು ಬರೆಯಬಾರದು, ಏಕೆಂದರೆ ಸಾಲಗಾರ ಯಾರು ಎಂಬುದನ್ನು ಇಂಗ್ಲಿಷಿನಲ್ಲಿ ಈ ಒಂದು ಕ್ರಿಯಾಪದವೇ ತೀರ್ಮಾನಿಸುತ್ತದೆ.

ಹೆಜ್ಜೆಗಳನ್ನು ಹೇಳುವ ಮೊದಲು ಈ ಗೊಂದಲ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು, ಏಕೆಂದರೆ ಕಾರಣ ತಿಳಿದರೆ ಪರಿಹಾರ ಅರ್ಧ ಸಿಕ್ಕಂತೆ. ಕನ್ನಡದಲ್ಲಿ ಕಡ, ಕೈಗಡ, ಸಾಲ, ಎರವಲು ಎಂಬ ಮಾತುಗಳು ವ್ಯವಹಾರದ ಹೆಸರನ್ನು ಮಾತ್ರ ಹೇಳುತ್ತವೆ, ಅದು ಯಾವ ದಿಕ್ಕಿಗೆ ಹೋಯಿತು ಎಂಬುದನ್ನು ಹೇಳುವುದಿಲ್ಲ. ದಿಕ್ಕನ್ನು ತೋರಿಸುವ ಕೆಲಸವನ್ನು ‘ಕೊಡು’ ಮತ್ತು ‘ತೆಗೆದುಕೊಳ್ಳು’ ಎಂಬ ಬೇರೆ ಕ್ರಿಯಾಪದಗಳು ಮಾಡುತ್ತವೆ. ಕಡ ಕೊಟ್ಟೆ, ಕಡ ತಗೊಂಡೆ. ಎರವಲು ಕೊಟ್ಟೆ, ಎರವಲು ತಂದೆ. ಹಿಂದಿಯ ‘ಉಧಾರ್ ದೇನಾ, ಉಧಾರ್ ಲೇನಾ’, ಮರಾಠಿಯ ‘ಉಸನೆ ದೇಣೆ, ಉಸನೆ ಘೇಣೆ’ ಇವೂ ಇದೇ ಬಗೆಯವು. ಇಂಗ್ಲಿಷಿನಲ್ಲಿ ವ್ಯವಹಾರ ಮತ್ತು ದಿಕ್ಕು ಎರಡೂ ಒಂದೇ ಕ್ರಿಯಾಪದದೊಳಗೆ ಸೇರಿಕೊಂಡಿವೆ. ಕಡವಾಗಿ ಕೊಡುವುದು ‘ಲೆಂಡ್’, ಕಡವಾಗಿ ತೆಗೆದುಕೊಳ್ಳುವುದು ‘ಬಾರೋ’. ನಾವು ‘ಕಡ’ ಎಂಬ ಒಂದೇ ಮಾತಿಗೆ ಒಂದೇ ಇಂಗ್ಲಿಷ್ ಪದವನ್ನು ಹುಡುಕಲು ಹೋಗಿ, ಮೊದಲು ನೆನಪಿಗೆ ಬಂದದ್ದನ್ನು ಎರಡೂ ಕಡೆ ಬಳಸುತ್ತೇವೆ.

ಇದು ಬುದ್ಧಿಯ ಕೊರತೆಯಲ್ಲ ಎಂದು ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಹೇಳುತ್ತೇನೆ. ಜರ್ಮನ್ ಭಾಷೆಯ ‘ಲೈಯೆನ್’ ಮತ್ತು ‘ಬೋರ್ಗೆನ್’ ಎಂಬ ಎರಡೂ ಕ್ರಿಯಾಪದಗಳು ಇಂದಿಗೂ ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಬಳಕೆಯಾಗುತ್ತವೆ. ಇಂಗ್ಲಿಷಿನ ‘ಬಾರೋ’ ಕೂಡ ಒತ್ತೆ, ಜಾಮೀನು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವೊಂದರಿಂದ ಹುಟ್ಟಿದ್ದು, ಬಹಳ ಹಿಂದೆ ಅದೂ ಎರಡೂ ದಿಕ್ಕಿನಲ್ಲಿ ನಡೆಯುತ್ತಿತ್ತು. ಇಂಗ್ಲಿಷ್ ಮುಂದೆ ದಾರಿಗಳನ್ನು ಬೇರ್ಪಡಿಸಿಕೊಂಡಿತು. ನಾವು ಕಲಿಯಬೇಕಾದದ್ದು ಆ ಬೇರ್ಪಟ್ಟ ದಾರಿಯನ್ನು.

ಮೊದಲನೆಯ ಹೆಜ್ಜೆ: ಕನ್ನಡದ ವಾಕ್ಯವನ್ನು ಪೂರ್ತಿ ಮಾಡಿಕೊಳ್ಳಿ

ನಮ್ಮ ಕಡೆಯ ಮಾತಿನಲ್ಲಿ ಅರ್ಧ ವಾಕ್ಯ ಬಾಯಲ್ಲಿದ್ದರೆ ಉಳಿದರ್ಧ ಸಂದರ್ಭದಲ್ಲಿರುತ್ತದೆ. ‘ಸರ, ಒಂಚೂರು ಪೆನ್ ಕೊಡ್ರಿ’ ಎಂದರೆ ಅದರಲ್ಲಿ ಕೊಡುವವರು ನೀವು ಎಂಬುದಾಗಲಿ, ಬರೆದಾದ ಮೇಲೆ ವಾಪಸು ಕೊಡುತ್ತೇನೆ ಎಂಬುದಾಗಲಿ ಇಲ್ಲ. ‘ಒಂಚೂರು’ ಎಂಬ ಮಾತೇ ಆ ಭರವಸೆಯನ್ನು ಹೊತ್ತಿದೆ. ಅದು ಪೆನ್ನಿನ ಅಳತೆಯಲ್ಲ, ಸಮಯದ ಅಳತೆ. ಇಂಗ್ಲಿಷಿಗೆ ಹೋಗುವ ಮೊದಲು ಬಿಟ್ಟುಹೋದ ಭಾಗಗಳನ್ನೆಲ್ಲ ತುಂಬಿ, ‘ನೀವು ನಿಮ್ಮ ಪೆನ್ನನ್ನು ನನಗೆ ಸ್ವಲ್ಪ ಹೊತ್ತಿಗೆ ಎರವಲು ಕೊಡುತ್ತೀರಾ?’ ಅಥವಾ ‘ನಾನು ನಿಮ್ಮಿಂದ ನಿಮ್ಮ ಪೆನ್ನನ್ನು ಸ್ವಲ್ಪ ಹೊತ್ತಿಗೆ ಎರವಲು ತೆಗೆದುಕೊಳ್ಳಲೇ?’ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ. ಕನ್ನಡದ ಎರಡು ವಾಕ್ಯಗಳೂ ಒಂದೇ ಕೋರಿಕೆ ಎಂಬುದನ್ನು ಗಮನಿಸಿ. ಯಾವುದನ್ನು ಆರಿಸಿದರೂ ತಪ್ಪಿಲ್ಲ, ಆದರೆ ಒಂದನ್ನು ಆರಿಸಿಕೊಂಡ ಮೇಲೆ ಅದಕ್ಕೇ ನಿಲ್ಲಬೇಕು. ‘ಕ್ಯಾನ್ ಯು ಬಾರೋ ಮಿ’ ಎಂಬ ತಪ್ಪು ಹುಟ್ಟುವುದು ಮೊದಲ ವಾಕ್ಯದ ಕರ್ತೃವನ್ನು ಎರಡನೆಯ ವಾಕ್ಯದ ಕ್ರಿಯಾಪದಕ್ಕೆ ಗಂಟು ಹಾಕಿದಾಗ.

ಎರಡನೆಯ ಹೆಜ್ಜೆ: ಕರ್ತೃವಿನ ಕೈ ನೋಡಿ

ವಾಕ್ಯದ ಕರ್ತೃ ಯಾರೋ ಅವರ ಕೈಯನ್ನು ಕಣ್ಣ ಮುಂದೆ ತಂದುಕೊಳ್ಳಿ. ವಸ್ತು ಆ ಕೈಯೊಳಗೆ ಬಂತೇ, ಆ ಕೈಯಿಂದ ಹೊರಗೆ ಹೋಯಿತೇ? ಬಂದರೆ ‘ಬಾರೋ’, ಹೋದರೆ ‘ಲೆಂಡ್’.

ಇದನ್ನು ನೆನಪಿಡಲು ಕನ್ನಡವೇ ಒಂದು ಒಳ್ಳೆಯ ಗುರುತು ಕೊಟ್ಟಿದೆ. ಚಿಕ್ಕವರನ್ನು ‘ಬಾರೋ ಇಲ್ಲೆ’ ಎಂದು ನಾವು ಕರೆಯುತ್ತೇವಲ್ಲ, ಇಂಗ್ಲಿಷಿನ ಈ ಪದದ ಉಚ್ಚಾರ ಅದಕ್ಕೆ ಬಹಳ ಹತ್ತಿರದ್ದು. ಪೆನ್ನನ್ನೋ ಪುಸ್ತಕವನ್ನೋ ಕರ್ತೃ ತನ್ನ ಕಡೆಗೆ ‘ಬಾರೋ’ ಎಂದು ಕರೆಯುತ್ತಾನೆ ಎಂದುಕೊಂಡರೆ ದಿಕ್ಕು ತಪ್ಪುವುದಿಲ್ಲ. ಹಾಗೆಯೇ ‘ಕೊಡು’ ಎಂಬುದರ ಕೊನೆಯ ‘ಡು’ವನ್ನೂ ‘ಲೆಂಡ್’ನ ಕೊನೆಯ ‘ಡ್’ಅನ್ನೂ ಜೋಡಿಸಿಕೊಳ್ಳಿ. ಇಲ್ಲಿ ಒಂದು ಎಚ್ಚರ ಬೇಕು. ಕರೆಯುವವನು ಕರ್ತೃವೇ ಹೊರತು ಯಾವಾಗಲೂ ನಾನಲ್ಲ. ‘ಅಂವಾ ನನ್ನ ಸೈಕಲ್ ಇಸಗೊಂಡು ಹೋದ’ ಎಂಬಲ್ಲಿ ಸೈಕಲ್ಲು ನನ್ನಿಂದ ದೂರ ಹೋಗಿದೆ, ಆದರೆ ಕರ್ತೃವಾದ ಅವನ ಕೈಗೆ ಬಂದಿದೆ. ಆದ್ದರಿಂದ ಅದು ‘ಹಿ ಬಾರೋಡ್ ಮೈ ಸೈಕಲ್’. ಇದೇ ಸಂಗತಿಯನ್ನು ನನ್ನ ಕಡೆಯಿಂದ ಹೇಳಿದರೆ ‘ಐ ಲೆಂಟ್ ಹಿಮ್ ಮೈ ಸೈಕಲ್’. ಘಟನೆ ಒಂದೇ, ಸೈಕಲ್ಲೂ ಒಂದೇ. ವಾಕ್ಯದ ಮೊದಲಿಗೆ ನಿಂತವರು ಬದಲಾದ ಕೂಡಲೇ ಕ್ರಿಯಾಪದವೂ ಬದಲಾಯಿತು.

‘ಇಸಗೊಂಡು’ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಗ್ರಂಥಭಾಷೆಯ ‘ಈಸಿಕೊಳ್ಳು’ ನಮ್ಮ ಆಡುಮಾತಿನ ‘ಇಸಗೋ’ ಆಗಿದೆ. ‘ಈ’ ಎಂದರೆ ಕೊಡು. ಇನ್ನೊಬ್ಬರು ಕೊಡುವಂತೆ ಮಾಡಿ ತಾನು ಪಡೆಯುವುದು ‘ಈಸಿಕೊಳ್ಳು’. ದಿಕ್ಕನ್ನು ತನ್ನೊಳಗೇ ಇಟ್ಟುಕೊಂಡಿರುವ ಕ್ರಿಯಾಪದ ಕನ್ನಡದಲ್ಲೂ ಇದೆ ಎಂಬುದಕ್ಕೆ ಇದು ಸಾಕ್ಷಿ, ಮತ್ತು ‘ಬಾರೋ’ಗೆ ಇಷ್ಟು ಹತ್ತಿರವಾದ ಇನ್ನೊಂದು ಮಾತನ್ನು ನಾನು ಕಂಡಿಲ್ಲ. ನಿಮ್ಮ ವಾಕ್ಯದಲ್ಲಿ ‘ಇಸಗೊಂಡೆ’ ಎಂದು ಹಾಕಿ ಅರ್ಥ ಕೂಡಿ ಬಂದರೆ ‘ಲೆಂಡ್’ ಅಲ್ಲಿ ಬರುವ ಪ್ರಶ್ನೆಯೇ ಇಲ್ಲ.

ಇಷ್ಟಾದರೂ ಗೊಂದಲ ಉಳಿದರೆ ಎರಡನೆಯ ತರಗತಿಯ ಕಳೆಯುವ ಲೆಕ್ಕಕ್ಕೆ ಹಿಂದಿರುಗಿ. 52ರಲ್ಲಿ 27 ಕಳೆಯಬೇಕು. ಬಿಡಿಯ ಮನೆಯ 2ರಲ್ಲಿ 7 ಹೋಗುವುದಿಲ್ಲ, ಆದ್ದರಿಂದ ಪಕ್ಕದ ಹತ್ತರ ಮನೆಯಿಂದ ಒಂದು ಹತ್ತನ್ನು ಕಡ ತರುತ್ತೇವೆ. ಬಿಡಿಯ ಮನೆಯಲ್ಲಿ 12 ಆಗುತ್ತದೆ, ಹತ್ತರ ಮನೆಯಲ್ಲಿ 5 ಹೋಗಿ 4 ಉಳಿಯುತ್ತದೆ, ಉತ್ತರ 25. ಇಂಗ್ಲಿಷ್ ಮಾಧ್ಯಮದ ಮಕ್ಕಳು ಇದನ್ನು ‘ಬಾರೋ’ ಎಂದೇ ಕಲಿಯುತ್ತಾರೆ. ಬಿಡಿಯ ಮನೆ ಹತ್ತರ ಮನೆಯಿಂದ ‘ಬಾರೋ’ ಮಾಡಿತು, ಹತ್ತರ ಮನೆ ಬಿಡಿಯ ಮನೆಗೆ ‘ಲೆಂಡ್’ ಮಾಡಿತು. ತಂದವರ ಮನೆ ಹೆಚ್ಚಾಯಿತು, ಕೊಟ್ಟವರ ಮನೆ ಕಡಿಮೆಯಾಯಿತು. ಹಲಗೆಯ ಮೇಲೆ ಈ ಲೆಕ್ಕವನ್ನು ಒಮ್ಮೆ ಬರೆದು, ಎರಡು ಅಂಕಿಗಳ ನಡುವೆ ಬಾಣದ ಗುರುತು ಹಾಕಿ ತೋರಿಸಿದ ದಿನ, ತರಗತಿಯಲ್ಲಿ ಈ ತಪ್ಪು ಕಡಿಮೆಯಾದದ್ದನ್ನು ನಾನು ಕಂಡಿದ್ದೇನೆ.

ಮೂರನೆಯ ಹೆಜ್ಜೆ: ವಿಭಕ್ತಿಯನ್ನು ಹಿಡಿದುಕೊಳ್ಳಿ

‘ಲೆಂಡ್’ ಜೊತೆಗೆ ‘ಟು’ ಬರುತ್ತದೆ, ‘ಬಾರೋ’ ಜೊತೆಗೆ ‘ಫ್ರಾಮ್’ ಬರುತ್ತದೆ. ಕನ್ನಡದ ‘ಗೆ’ ಅಥವಾ ‘ಇಗೆ’ ಪ್ರತ್ಯಯ ‘ಟು’ವಿಗೂ, ‘ಇಂದ’ ಎಂಬುದು ‘ಫ್ರಾಮ್’ಗೂ ಸರಿಹೊಂದುತ್ತವೆ. ತೊಡಕು ಬರುವುದು ನಾವು ‘ಇಂದ’ ಎಂಬುದನ್ನು ಇಂಥ ಕಡೆ ಬಳಸದೇ ಇರುವುದರಿಂದ. ‘ಗೆಳ್ಯಾನ ಹತ್ರ ನೂರು ರೂಪಾಯಿ ತಗೊಂಡೆ’, ‘ಕಾಕಾನ ಕಡೆ ಕೈಗಡ ಇಸಗೊಂಡೆ’ ಎನ್ನುತ್ತೇವೆಯೇ ಹೊರತು ‘ಕಾಕಾನಿಂದ’ ಎನ್ನುವುದಿಲ್ಲ. ಈ ‘ಹತ್ರ’ವನ್ನು ಅಕ್ಷರಶಃ ತಂದು ‘ಐ ಬಾರೋಡ್ ನಿಯರ್ ಮೈ ಫ್ರೆಂಡ್’ ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ಇಂಗ್ಲಿಷಿನಲ್ಲಿ ಅದರ ಅರ್ಥ ಗೆಳೆಯನ ಪಕ್ಕದಲ್ಲಿ ನಿಂತು ಬೇರೆ ಯಾರಿಂದಲೋ ತೆಗೆದುಕೊಂಡೆ ಎಂದಾಗುತ್ತದೆ. ಹಾಗಾಗಿ ‘ಹತ್ರ’, ‘ಕಡೆ’ ಎಂದು ಬಂದಾಗಲೆಲ್ಲ ಅದನ್ನು ಮೊದಲು ‘ಇಂದ’ಕ್ಕೆ ತಿರುಗಿಸಿ, ಆಮೇಲೆ ‘ಫ್ರಾಮ್’ ಹಾಕಿ.

ಇನ್ನೊಂದು ವ್ಯತ್ಯಾಸವನ್ನೂ ಇಲ್ಲಿಯೇ ಹೇಳಬೇಕು. ‘ಲೆಂಡ್’ ಎಂಬುದು ‘ಗಿವ್’ನಂತೆ ಎರಡು ಕರ್ಮಗಳನ್ನು ಒಟ್ಟಿಗೆ ಹೊರಬಲ್ಲದು: ‘ಲೆಂಡ್ ಮಿ ದ ಬುಕ್’ ಎನ್ನಬಹುದು, ‘ಲೆಂಡ್ ದ ಬುಕ್ ಟು ಮಿ’ ಎಂದೂ ಹೇಳಬಹುದು. ‘ಬಾರೋ’ಗೆ ಆ ಶಕ್ತಿಯಿಲ್ಲ. ಶಿಷ್ಟ ಇಂಗ್ಲಿಷಿನಲ್ಲಿ ಅದರ ಮುಂದೆ ವಸ್ತುವಿನ ಹೆಸರು ಬರಬೇಕು, ವ್ಯಕ್ತಿ ಬರುವುದಾದರೆ ‘ಫ್ರಾಮ್’ ಹಿಡಿದುಕೊಂಡೇ ಬರಬೇಕು. ‘ಬಾರೋ ಮಿ’ ಎಂಬ ಎರಡು ಪದಗಳು ನಿಮ್ಮ ಬರಹದಲ್ಲಿ ಅಕ್ಕಪಕ್ಕ ಕಂಡರೆ, ಮುಂದೆ ಓದದೆಯೇ ಅದನ್ನು ಹೊಡೆದುಹಾಕಬಹುದು.

ನಾಲ್ಕನೆಯ ಹೆಜ್ಜೆ: ವ್ಯವಹಾರ ಯಾವ ಬಗೆಯದೆಂದು ನೋಡಿ

ಈ ವಿಷಯದಲ್ಲಿ ನಮ್ಮ ಮಾತು ಇಂಗ್ಲಿಷಿಗಿಂತ ಸೂಕ್ಷ್ಮ. ನೆರೆಮನೆಯಿಂದ ಏಣಿಯನ್ನೋ ಹಂಡೆಯನ್ನೋ ತಂದರೆ ಅದು ಎರವಲು. ತಂದ ವಸ್ತುವನ್ನೇ ಹಿಂದಿರುಗಿಸಬೇಕು. ಒಂದು ಬಟ್ಟಲು ಸಕ್ಕರೆಯನ್ನೋ ಒಂದು ಸೇರು ಜೋಳದ ಹಿಟ್ಟನ್ನೋ ತಂದರೆ ಅದು ಕಡ. ಅದನ್ನು ಉಂಡುಬಿಡುತ್ತೇವೆ, ವಾಪಸು ಕೊಡುವುದು ಅಷ್ಟೇ ಅಳತೆಯ ಬೇರೆ ಹಿಟ್ಟು. ಕಿರಾಣಿ ಅಂಗಡಿಯಲ್ಲಿ ಪುಸ್ತಕಕ್ಕೆ ಬರೆಸಿ ಸಾಮಾನು ತಂದರೆ ಅದು ಉದ್ರಿ. ಸಾಮಾನನ್ನಲ್ಲ, ರೊಕ್ಕವನ್ನು ಕೊಡಬೇಕು. ಇಂಗ್ಲಿಷಿನ ‘ಬಾರೋ’ ಮೊದಲ ಎರಡಕ್ಕೂ ಸಲ್ಲುತ್ತದೆ. ಏಣಿಯನ್ನೂ ‘ಬಾರೋ’ ಮಾಡಬಹುದು, ಸಕ್ಕರೆಯನ್ನೂ ಮಾಡಬಹುದು, ರೊಕ್ಕವನ್ನೂ ಮಾಡಬಹುದು. ಉದ್ರಿಗೆ ಮಾತ್ರ ಅದು ಸಲ್ಲದು. ‘ಐ ಬಾರೋಡ್ ರೈಸ್ ಫ್ರಾಮ್ ದ ಶಾಪ್’ ಎಂದರೆ ಅಕ್ಕಿಯನ್ನೇ ಹಿಂದಿರುಗಿಸುವಂತೆ ಕೇಳಿಸುತ್ತದೆ. ‘ಐ ಬಾಟ್ ರೈಸ್ ಆನ್ ಕ್ರೆಡಿಟ್’ ಎನ್ನಬೇಕು. ‘ಇಂದು ನಗದು, ನಾಳೆ ಉದ್ರಿ’ ಎಂದು ಅಂಗಡಿಗಳಲ್ಲಿ ತೂಗುಹಾಕಿರುತ್ತಾರಲ್ಲ, ಆ ಉದ್ರಿಯೇ ಈ ‘ಕ್ರೆಡಿಟ್’.

ಹಣ ಕೊಟ್ಟು ಬಳಸಿದರೆ ಅದು ಎರವಲೂ ಅಲ್ಲ, ಕಡವೂ ಅಲ್ಲ. ಬಿತ್ತನೆಯ ಕಾಲದಲ್ಲಿ ಗಂಟೆಯ ಲೆಕ್ಕದಲ್ಲಿ ತಂದ ಟ್ರ್ಯಾಕ್ಟರು, ಮದುವೆಗೆ ತಂದ ಪೆಂಡಾಲಿನ ಸಾಮಾನು, ಪೇಟೆಯಲ್ಲಿ ಹಿಡಿದ ಮನೆ ಇವೆಲ್ಲ ‘ಹೈರ್’ ಅಥವಾ ‘ರೆಂಟ್’. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕುವುದು ‘ಲೀಸ್’. ಇಲ್ಲಿ ಒಂದು ಆಶ್ಚರ್ಯವಿದೆ. ‘ಬಾರೋ’, ‘ಲೆಂಡ್’ಗಳನ್ನು ಅಷ್ಟು ಕಟ್ಟುನಿಟ್ಟಾಗಿ ಬೇರೆ ಇಟ್ಟ ಇಂಗ್ಲಿಷು, ‘ರೆಂಟ್’ ಮತ್ತು ‘ಲೀಸ್’ಗಳನ್ನು ನಮ್ಮ ‘ಬಾಡಿಗೆ’ಯಂತೆಯೇ ಎರಡೂ ದಿಕ್ಕಿಗೆ ಬಿಟ್ಟಿದೆ. ಮನೆಯ ಮಾಲೀಕರೂ ‘ರೆಂಟ್’ ಮಾಡುತ್ತಾರೆ, ಬಾಡಿಗೆದಾರರೂ ‘ರೆಂಟ್’ ಮಾಡುತ್ತಾರೆ. ‘ಟು’ ಮತ್ತು ‘ಫ್ರಾಮ್’ ಮಾತ್ರ ಅವರನ್ನು ಬೇರ್ಪಡಿಸುತ್ತವೆ. ಮಾಲೀಕರ ಕಡೆಯ ಮಾತಿಗೆ ಮಾತ್ರ ಸಲ್ಲುವ ‘ಲೆಟ್’ ಎಂಬ ಇನ್ನೊಂದು ಪದವಿದೆ, ಸಪ್ತಾಪುರದ ಗೇಟುಗಳ ಮೇಲೆ ನೇತಾಡುವ ‘ಟು ಲೆಟ್’ ಫಲಕಗಳಲ್ಲಿ ಇರುವುದು ಅದೇ.

ಜಾಗ ಬಿಟ್ಟು ಕದಲದ ವಸ್ತುವಿಗೂ ‘ಬಾರೋ’ ಹೊಂದುವುದಿಲ್ಲ. ಪಕ್ಕದ ಮನೆಯ ಬಚ್ಚಲನ್ನು ಬಳಸಲು ಕೇಳುವಾಗ ‘ಕ್ಯಾನ್ ಐ ಯೂಸ್’ ಎನ್ನಬೇಕು, ಏಕೆಂದರೆ ಅದನ್ನು ಎತ್ತಿಕೊಂಡು ಹೋಗಿ ತಂದಿಡುವುದಿಲ್ಲ. ‘ಲೆಂಡ್ ಅ ಹ್ಯಾಂಡ್’ ಎಂಬ ನುಡಿಗಟ್ಟಿನಲ್ಲಿ ಹಿಂದಿರುಗಿಸುವ ಮಾತಿಲ್ಲ. ‘ಒಂದ್ ಕೈ ಹಚ್ಚರಿ’ ಎಂದು ನಾವು ಕೇಳುವುದು ಯಾವುದೋ ಅದೇ ಅದು.

ಐದನೆಯ ಹೆಜ್ಜೆ: ಭೂತಕಾಲದ ರೂಪ

‘ಬಾರೋ’ದ ಭೂತಕಾಲ ‘ಬಾರೋಡ್’, ‘ಲೆಂಡ್’ನದು ‘ಲೆಂಟ್’. ‘ಲೆಂಡೆಡ್’ ಎಂಬ ರೂಪವಿಲ್ಲ. ‘ಸೆಂಡ್’ ಹೋಗಿ ‘ಸೆಂಟ್’, ‘ಸ್ಪೆಂಡ್’ ಹೋಗಿ ‘ಸ್ಪೆಂಟ್’ ಆಗುವಂತೆಯೇ ಇದೂ.

ಆರನೆಯ ಹೆಜ್ಜೆ: ‘ಲೋನ್’ ಎಂಬ ನಾಮಪದ, ಮತ್ತು ಬ್ಯಾಂಕಿನ ಮಾತು

ಕನ್ನಡದ ರೀತಿಯಲ್ಲೇ ಹೇಳುವ ಒಂದು ದಾರಿ ಇಂಗ್ಲಿಷಿನಲ್ಲೂ ಇದೆ. ‘ಲೋನ್’ ಎಂಬ ನಾಮಪದ ನಮ್ಮ ‘ಸಾಲ’ದಂತೆ ದಿಕ್ಕಿಲ್ಲದ್ದು. ‘ಗಿವ್ ಅ ಲೋನ್’ ಎಂದರೆ ಸಾಲ ಕೊಡುವುದು, ‘ಟೇಕ್ ಅ ಲೋನ್’ ಎಂದರೆ ಸಾಲ ತೆಗೆದುಕೊಳ್ಳುವುದು. ಸಂದೇಹ ಬಂದಾಗ, ಹಣದ ವಿಷಯದಲ್ಲಿ ಇದನ್ನು ಧೈರ್ಯವಾಗಿ ಬಳಸಬಹುದು. ಪೆನ್ನಿಗೂ ಛತ್ರಿಗೂ ಇದನ್ನು ಬಳಸಿದರೆ ಅಸಹಜವಾಗಿ ಕೇಳಿಸುತ್ತದೆ. ಅಮೆರಿಕದವರು ‘ಲೋನ್’ ಎಂಬುದನ್ನೇ ಕ್ರಿಯಾಪದವಾಗಿಯೂ ಬಳಸುತ್ತಾರೆ, ಅದು ಕೊಡುವ ದಿಕ್ಕಿಗೆ ಮಾತ್ರ. ಪರೀಕ್ಷೆಯಲ್ಲಿ ಮತ್ತು ಕಚೇರಿಯ ಪತ್ರದಲ್ಲಿ ‘ಲೆಂಡ್’ ಎಂದೇ ಬರೆಯುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ.

ಬ್ಯಾಂಕಿನ ಅರ್ಜಿಯಲ್ಲಿ ‘ಬಾರೋವರ್’ ಎಂದು ಇರುವ ಕಡೆ ಸಾಲ ಪಡೆಯುವ ನಿಮ್ಮ ಹೆಸರು, ‘ಲೆಂಡರ್’ ಎಂದಿರುವ ಕಡೆ ಸಾಲ ಕೊಡುವ ಸಂಸ್ಥೆಯ ಹೆಸರು. ಸಹಿ ಹಾಕುವ ಮೊದಲು ಈ ಎರಡು ಪದಗಳ ಮೇಲೆ ಬೆರಳಿಟ್ಟು ಓದಿ. ‘ಕೋ-ಬಾರೋವರ್’ ಎಂದರೆ ಜಂಟಿಯಾಗಿ ಸಾಲ ಪಡೆದವರು, ‘ಗ್ಯಾರಂಟರ್’ ಎಂದರೆ ಜಾಮೀನುದಾರರು. ‘ಬರೇ ಒಂದ್ ಸಹಿ’ ಎಂದು ಯಾರಾದರೂ ಕರೆದಾಗ ಇವೆರಡರಲ್ಲಿ ಯಾವುದರ ಕೆಳಗೆ ಸಹಿ ಹಾಕುತ್ತಿದ್ದೇನೆಂದು ತಿಳಿದಿರಬೇಕು.

ಒಂದೇ ಸಂಸ್ಥೆ ಎರಡೂ ಆಗಿರಬಹುದೇ ಎಂದು ಮಕ್ಕಳು ಕೇಳುತ್ತಾರೆ. ಇದಕ್ಕೆ ಸಹಕಾರ ಸಂಘಗಳಿಗಿಂತ ಒಳ್ಳೆಯ ಉದಾಹರಣೆ ಬೇಡ, ಅದೂ ನಮ್ಮದೇ ಸೀಮೆಯದು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ 1905ರಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದ ಮೊದಮೊದಲ ಸಂಘಗಳ ಸಾಲಿನದು. ಅದರ ಹಿಂದಿನ ವರ್ಷವಷ್ಟೇ, 1904ರಲ್ಲಿ, ಪತ್ತಿನ ಸಹಕಾರ ಸಂಘಗಳ ಕಾಯಿದೆ ಬಂದಿತ್ತು. ಇಂದಿನ ವ್ಯವಸ್ಥೆಯಲ್ಲಿ ರಾಜ್ಯಮಟ್ಟದ ಅಪೆಕ್ಸ್ ಬ್ಯಾಂಕು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿಗೂ, ಅದು ಊರಿನ ಪ್ರಾಥಮಿಕ ಸಂಘಕ್ಕೂ, ಸಂಘವು ರೈತರಿಗೂ ಹಣ ಕೊಡುತ್ತವೆ. ಇದನ್ನು ಮೇಲಿನಿಂದ ಕೆಳಗೆ ಇಳಿಯುತ್ತ ಹೇಳಿದರೆ ಪ್ರತಿ ಮೆಟ್ಟಿಲಲ್ಲೂ ‘ಲೆಂಡ್ಸ್ ಟು’, ಕೆಳಗಿನಿಂದ ಮೇಲೆ ಹತ್ತುತ್ತ ಹೇಳಿದರೆ ಪ್ರತಿ ಮೆಟ್ಟಿಲಲ್ಲೂ ‘ಬಾರೋಸ್ ಫ್ರಾಮ್’. ನಡುವಿನ ಸಂಘವು ಮೇಲಿನವರಿಗೆ ಬಾರೋವರ್, ಕೆಳಗಿನವರಿಗೆ ಲೆಂಡರ್. ಈ ಮೆಟ್ಟಿಲುಗಳನ್ನು ಕಾಗದದ ಮೇಲೆ ಬರೆದು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಗಟ್ಟಿಯಾಗಿ ಓದುವುದು ಒಳ್ಳೆಯ ಅಭ್ಯಾಸ.

ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಇದೇ ಅಭ್ಯಾಸ ರೆಪೊ ದರದ ಪ್ರಶ್ನೆಯಲ್ಲಿ ಕೆಲಸಕ್ಕೆ ಬರುತ್ತದೆ. ಸರ್ಕಾರಿ ಸಾಲಪತ್ರಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಅಲ್ಪಾವಧಿಗೆ ಹಣ ಕೊಡುವ ಬಡ್ಡಿದರವೇ ರೆಪೊ ದರ. ಇಂಗ್ಲಿಷಿನಲ್ಲಿ ಅದನ್ನು ‘ಆರ್‌ಬಿಐ ಲೆಂಡ್ಸ್ ಟು ಬ್ಯಾಂಕ್ಸ್’ ಎಂದೂ ಹೇಳಬಹುದು, ‘ಬ್ಯಾಂಕ್ಸ್ ಬಾರೋ ಫ್ರಾಮ್ ಆರ್‌ಬಿಐ’ ಎಂದೂ ಹೇಳಬಹುದು, ಎರಡೂ ಸರಿ. ‘ಆರ್‌ಬಿಐ ಬಾರೋಸ್ ಫ್ರಾಮ್ ಬ್ಯಾಂಕ್ಸ್’ ಎಂದಿದ್ದರೆ ಅದು ರಿವರ್ಸ್ ರೆಪೊ. ಅರ್ಥಶಾಸ್ತ್ರ ಚೆನ್ನಾಗಿ ಗೊತ್ತಿದ್ದೂ, ಕರ್ತೃವನ್ನು ಗಮನಿಸದೆ ಅಂಕ ಕಳೆದುಕೊಂಡವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಏಳನೆಯ ಹೆಜ್ಜೆ: ಕೇಳುವ ರೀತಿ

‘ಕೊಡ್ರಿ’ ಎಂಬುದರಲ್ಲಿರುವ ‘ರಿ’ ನಮ್ಮ ವಿನಯವನ್ನೆಲ್ಲ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನ ‘ಗಿವ್’ಗೆ ಅಂಥ ಪ್ರತ್ಯಯವಿಲ್ಲದ ಕಾರಣ ‘ಗಿವ್ ಮಿ ಯುವರ್ ಪೆನ್’ ಎಂಬುದು ಆಜ್ಞೆಯಂತೆ ಕೇಳಿಸುತ್ತದೆ, ಪೆನ್ನನ್ನು ಕಾಯಮ್ಮಾಗಿ ಕೊಟ್ಟುಬಿಡಿ ಎಂದಂತೆಯೂ ಆಗುತ್ತದೆ. ‘ಕುಡ್ ಐ ಬಾರೋ ಯುವರ್ ಪೆನ್ ಫಾರ್ ಅ ಮಿನಿಟ್?’ ಎಂದರೆ ವಿನಯವೂ ಬಂತು, ವಾಪಸು ಕೊಡುವ ಮಾತೂ ಬಂತು. ನನಗೆ ‘ಕುಡ್ ಯು ಲೆಂಡ್ ಮಿ’ ಎನ್ನುವುದಕ್ಕಿಂತ ಇದೇ ಹಿಡಿಸುತ್ತದೆ, ಏಕೆಂದರೆ ಇಲ್ಲಿ ಕೇಳುವವರು ತಮ್ಮ ಬಗ್ಗೆ ಅನುಮತಿ ಕೇಳುತ್ತಾರೆ, ಎದುರಿನವರ ಮೇಲೆ ಕೆಲಸ ಹೊರಿಸುವುದಿಲ್ಲ. ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಕೇಳುವಾಗ ‘ಹೌ ಲಾಂಗ್ ಕ್ಯಾನ್ ಐ ಕೀಪ್ ಇಟ್?’ ಎನ್ನುವುದು ಸಹಜ. ಗ್ರಂಥಾಲಯದಲ್ಲಿ ‘ಪುಸ್ತಕ ಇಶ್ಯೂ ಮಾಡಿಸಿದೆ’ ಎನ್ನುತ್ತೇವೆ, ಆದರೆ ‘ಇಶ್ಯೂ’ ಮಾಡುವುದು ಗ್ರಂಥಾಲಯ. ಓದುಗರು ಮಾಡುವುದು ‘ಬಾರೋ’. ಹಿಂದಿರುಗಿಸುವುದಕ್ಕೆ ‘ರಿಟರ್ನ್’ ಒಂದೇ ಸಾಕು, ಅದರ ಹಿಂದೆ ‘ಬ್ಯಾಕ್’ ಬೇಡ.

ಹಣದ ಬಗ್ಗೆ ಪತ್ರ ಅಥವಾ ಸಂದೇಶ ಬರೆಯುವಾಗ ಒಂದೇ ವಾಕ್ಯವನ್ನು ನೆಚ್ಚಬೇಡಿ. ಹೆಸರು, ಮೊತ್ತ, ತಾರೀಖು ಮೂರನ್ನೂ ಬರೆದು, ಎರಡನೆಯ ವಾಕ್ಯದಲ್ಲಿ ಬಾಕಿ ಕೊಡಬೇಕಿದೆ ಎಂಬ ಅರ್ಥದ ‘ಓ’ (owe) ಎಂಬ ಕ್ರಿಯಾಪದವನ್ನು ಬಳಸಿ. ಅದರ ಕರ್ತೃ ಯಾವಾಗಲೂ ಕೊಡಬೇಕಾದವರೇ. ಆ ಹುಡುಗನಿಗೆ ನಾನು ಬರೆಸಿದ್ದು ಹೀಗೆ: ‘ಮೈ ಗ್ರ್ಯಾಂಡ್‌ಫಾದರ್ ಲೆಂಟ್ ಫಾರ್ಟಿ ಥೌಸಂಡ್ ರುಪೀಸ್ ಟು ಯುವರ್ ಫಾದರ್. ಯುವರ್ ಫಾದರ್ ಸ್ಟಿಲ್ ಓಸ್ ಹಿಮ್ ದಿಸ್ ಅಮೌಂಟ್.’ ಮೊದಲ ವಾಕ್ಯದಲ್ಲಿ ಕೈತಪ್ಪಿದರೂ ಎರಡನೆಯದು ಅದನ್ನು ಹಿಡಿದುಕೊಡುತ್ತದೆ.

ಕೊನೆಯ ಹೆಜ್ಜೆ: ಕೈಯಾರೆ ಮಾಡಿ ನೋಡಿ

ಕೆಳಗಿನ ಮಾತುಗಳನ್ನು ಉತ್ತರ ಓದುವ ಮೊದಲು ನೀವೇ ಇಂಗ್ಲಿಷಿಗೆ ತನ್ನಿ.

‘ಅಕ್ಕನ ಸೀರಿ ಇಸಗೊಂಡು ಲಗ್ನಕ್ಕ ಹೋದ್ಲು.’ ಕರ್ತೃ ಅವಳು, ಸೀರೆ ಅವಳ ಕೈಗೆ ಬಂತು: ‘ಶಿ ಬಾರೋಡ್ ಹರ್ ಸಿಸ್ಟರ್ಸ್ ಸಾರಿ ಫಾರ್ ದ ವೆಡ್ಡಿಂಗ್.’

‘ನಿನ್ನಿ ಅವಗ ಬೈಕ್ ಕೊಟ್ಟಿದ್ದೆ, ಇನ್ನೂ ತಂದಿಲ್ಲ.’ ಇಲ್ಲಿ ಕಡ, ಎರವಲು ಎಂಬ ಮಾತೇ ಇಲ್ಲ. ‘ಇನ್ನೂ ತಂದಿಲ್ಲ’ ಎಂಬುದೇ ಇದು ದಾನವಲ್ಲವೆಂದು ಹೇಳುತ್ತದೆ: ‘ಐ ಲೆಂಟ್ ಹಿಮ್ ಮೈ ಬೈಕ್ ಯೆಸ್ಟರ್ಡೇ, ಬಟ್ ಹಿ ಹ್ಯಾಸ್ ನಾಟ್ ಬ್ರಾಟ್ ಇಟ್ ಬ್ಯಾಕ್.’

‘ಮದಿವ್ಯಾಗ ಸೋದರಮಾವ ಹುಡುಗಿಗೆ ಬಂಗಾರ ಕೊಟ್ಟ.’ ಹಿಂದಿರುಗಿಸುವ ಮಾತಿಲ್ಲ, ಆದ್ದರಿಂದ ‘ಗೇವ್’. ಇಲ್ಲಿ ‘ಲೆಂಟ್’ ಎಂದರೆ ಮಾವನಿಗೆ ಅವಮಾನವಾದೀತು.

‘ರಾಶಿ ಮಾಡೂ ಮಷಿನ್ ತಾಸಿನ ಲೆಕ್ಕದಾಗ ತಂದೀವಿ.’ ಹಣ ಕೊಡುವುದಿದೆ: ‘ವಿ ಹೈರ್ಡ್.’

‘ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯೂದಕ್ಕ ಮೊದಲs ದಲಾಲಿ ಅಂಗಡಿಯಾಗ ರೊಕ್ಕಾ ಎತ್ತಿದ್ವಿ.’ ಇದು ಕಷ್ಟದ್ದು. ‘ಅಂಗಡಿಯಾಗ’ ಎಂಬುದು ಸಪ್ತಮಿಯಂತೆ ಕಂಡರೂ ಅರ್ಥದಲ್ಲಿ ‘ಅಂಗಡಿಯಿಂದ’. ‘ಎತ್ತಿದ್ವಿ’ ಎಂಬುದು ಕಡವಾಗಿ ತೆಗೆದುಕೊಂಡೆವು ಎಂದು. ಕರ್ತೃ ನಾವು, ರೊಕ್ಕ ನಮ್ಮ ಕೈಗೆ ಬಂತು: ‘ವಿ ಹ್ಯಾಡ್ ಬಾರೋಡ್ ಮನಿ ಫ್ರಾಮ್ ದ ಕಮಿಷನ್ ಏಜೆಂಟ್.’ ಈಗ ಇದನ್ನೇ ದಲಾಲರ ಕಡೆಯಿಂದ ಬರೆಯಿರಿ. ‘ದ ಕಮಿಷನ್ ಏಜೆಂಟ್ ಹ್ಯಾಡ್ ಲೆಂಟ್ ಅಸ್ ಮನಿ’ ಎಂದು ಬಂದಿದ್ದರೆ ಸರಿಯಾಗಿದೆ. ‘ಲೆಂಟ್ ಫ್ರಾಮ್ ಅಸ್’ ಎಂದು ಬಂದಿದ್ದರೆ ಮೂರನೆಯ ಹೆಜ್ಜೆಯನ್ನು ಇನ್ನೊಮ್ಮೆ ಓದಿ.